ಯಾರ ಖಾತೆಗೂ ಸೇರದ ಪುಸ್ತಕ

ಮಧ್ಯಾಹ್ನ ತಾನು ಗೆರೆ ಎಳೆದಿದ್ದ ಸಾಲನ್ನು ಊಟದ ಹೊತ್ತಿಗೆ ಗಂಡನ ಬಾಯಿಂದ ಕೇಳಿದಾಗ ಪ್ರೇಕ್ಷಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತುಬಿಟ್ಟಿತು.

"'ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇದ್ದಿದ್ದರೆ ನಾನು ಅಳುವುದನ್ನಾದರೂ ಸರಿಯಾಗಿ ಕಲಿಯುತ್ತಿದ್ದೆ.'" ಸಂದೀಪ ಶಾಲೆಯ ಹುಡುಗ ಪದ್ಯ ಒಪ್ಪಿಸುವಂತೆ ನಿಧಾನವಾಗಿ ಹೇಳಿ, ಬಂಗಡೆಯ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟ. "ಚಲೋ ಅದೆ ಸಾಲು. ಅಷ್ಟು ಕಷ್ಟ ಅದೆಯೇನೆ ನಿಂಗೆ ಈ ಮನೇಲಿ?"

ಅತ್ತೆ ಗಂಗೂಬಾಯಿ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ.

"ಅದು ಕಾದಂಬರಿದು. ಅದ್ರಲ್ಲಿ ಒಬ್ಬಳು ಹೇಳೂದು," ಎಂದಳು ಪ್ರೇಕ್ಷಾ.

"ಕಾದಂಬರಿದು ಅಂತ ನಂಗೂ ಗೊತ್ತಾಯ್ತು. ಗೆರೆ ಹಾಕಿದ್ದು ನೀನಲ್ದಾ? ಅದ್ಕೆ ಕೇಳ್ದೆ." ಅವನು ನಕ್ಕು ಮತ್ತೆ ಉಣ್ಣತೊಡಗಿದ. ಧ್ವನಿ ಏರಿರಲಿಲ್ಲ. ಸಂದೀಪನ ಧ್ವನಿ ಯಾವತ್ತೂ ಏರುತ್ತಿರಲಿಲ್ಲ.

ಅವಳು ಕಾದಂಬರಿ ಓದುವ ಆ ಇ-ರೀಡರನ್ನು ತಂದುಕೊಟ್ಟವನು ಅವನೇ. ಮದುವೆಯಾಗಿ ವರ್ಷ ತುಂಬಿದ ದಿನ, ಬೈತಖೋಲ ಬಂದರಿನಲ್ಲಿ ತಾನು ಕೆಲಸ ಮಾಡುವ ಹಡಗು ಏಜೆಂಟರ ಕಚೇರಿಯಿಂದ ಬರುವಾಗ ಹೊಳೆಯುವ ಕಾಗದ ಸುತ್ತಿದ ಚಿಕ್ಕ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ. ಪ್ರೇಕ್ಷಾಳ ಪುಸ್ತಕಗಳೆಲ್ಲ ಅವರ್ಸಾದ ತವರಿನಲ್ಲಿ ಟ್ರಂಕಿನೊಳಗೇ ಉಳಿದಿದ್ದವು. ಕಾರವಾರದ ಮನೆಯಲ್ಲಿ ಅವಕ್ಕೆ ಜಾಗವಿಲ್ಲವೆಂದು ಅವಳು ಒಂದು ಸಲ ಹೇಳಿದ್ದನ್ನು ಅವನು ನೆನಪಿಟ್ಟುಕೊಂಡಿದ್ದ. ಅವತ್ತು ಅವಳಿಗೆ ಕಣ್ಣು ತುಂಬಿ ಬಂದಿತ್ತು. ಅವನೇ ಅದನ್ನು ಬಿಚ್ಚಿ, ತನ್ನ ಇ-ಮೇಲ್ ಹಾಕಿ, ತನ್ನ ಹೆಸರಿನ ಖಾತೆಯಲ್ಲಿ ತೆರೆದುಕೊಟ್ಟ. "ಒಂದೇ ಮನೆಗೆ ಎರಡು ಖಾತೆ ಎಂತಕೆ?" ಎಂದಿದ್ದ. ಅವಳಿಗೂ ಅದು ಸರಿಯೆನಿಸಿತ್ತು.

ಮೊದಮೊದಲು ಅದೊಂದು ಸಲಿಗೆಯೇ ಆಗಿತ್ತು. ಅವಳು ಓದಿದ್ದೆಲ್ಲ ಅವನ ಫೋನಿನಲ್ಲೂ ಕಾಣುತ್ತಿತ್ತು. ಯಾವ ಪುಸ್ತಕ, ಯಾವ ಪುಟ, ಎಲ್ಲಿ ಗೆರೆ ಎಳೆದಳು ಎಂಬುದೆಲ್ಲ. "ಹೊಸ ಅಧ್ಯಾಯ ಶುರುವಾಯ್ತಲ್ಲ, ಇವತ್ತು ಅನ್ನ ಆದ್ರೂ ಆಗ್ತದೋ ಇಲ್ವೋ?" ಎಂದು ಕಚೇರಿಯಿಂದ ಸಂದೇಶ ಕಳಿಸುತ್ತಿದ್ದ. ಅವಳು ಒಬ್ಬಳೇ ಅಡಿಗೆಮನೆಯಲ್ಲಿ ನಿಂತು ನಗುತ್ತಿದ್ದಳು. ತನ್ನ ಓದನ್ನು ಇಷ್ಟು ಹತ್ತಿರದಿಂದ ಗಮನಿಸಿದವರು ಅವಳಿಗೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ.

ಅದು ಯಾವಾಗ ಬದಲಾಯಿತೆಂದು ಅವಳಿಗೆ ಹೇಳಲು ಬರುವುದಿಲ್ಲ. ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಖಾಲಿಯಿದೆಯೆಂದು ಅರ್ಜಿ ಹಾಕಲು ಹೊರಟಾಗ "ನಿಂಗೆ ಎಂತಾ ಕಮ್ಮಿ ಮಾಡಿದೀನಿ?" ಎಂದು ಕೇಳಿದ. ಅವಳು ಅರ್ಜಿ ಹಾಕಲಿಲ್ಲ. ಫೋನಿನ ಪಾಸ್‌ವರ್ಡ್ ಕೇಳಿದ, ಕೊಟ್ಟಳು. ಪಕ್ಕದ ಮನೆಯವಳ ಜೊತೆ ಸಮುದ್ರದಂಡೆಗೆ ಹೋಗಿ ಬಂದ ಸಂಜೆ, ಹೋಗಬೇಡ ಎನ್ನಲಿಲ್ಲ. ಮೂರು ದಿನ ಮಾತಾಡಲಿಲ್ಲ ಅಷ್ಟೇ. ಹೊಡೆದದ್ದಿಲ್ಲ, ಬೈದದ್ದಿಲ್ಲ. ಯಾರ ಮುಂದಾದರೂ ದೂರು ಹೇಳಿಕೊಳ್ಳೋಣವೆಂದರೆ ಹೇಳಲು ಒಂದು ವಾಕ್ಯವೂ ಕೂಡಿಬರುತ್ತಿರಲಿಲ್ಲ.

ಬಂಗಡೆ ಸಾರಿನ ಆ ಊಟದ ಮಾರನೆಯ ವಾರ ಪ್ರೇಕ್ಷಾ ಒಂದು ತಪ್ಪು ಹೆಜ್ಜೆಯಿಟ್ಟಳು. ಹೆಂಡತಿಯ ಹಕ್ಕುಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಒಂದು ಪುಸ್ತಕದ ಮೊದಲ ಕೆಲವು ಪುಟಗಳು ರೀಡರಿನೊಳಗಿನ ಪುಸ್ತಕದಂಗಡಿಯಲ್ಲಿ ಬಿಟ್ಟಿ ಸಿಗುತ್ತಿದ್ದವು. ಇಳಿಸಿಕೊಂಡು ಓದಿದಳು. ಗೆರೆ ಎಳೆಯಲಿಲ್ಲ. ಓದಿದ ಮೇಲೆ ಅಳಿಸಿಯೂ ಹಾಕಿದಳು. ಅದರ ಹೆಸರು ಖಾತೆಯಲ್ಲಿ ಉಳಿದೇ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಸಂದೀಪ ಅವಳ ತಾಯಿ ಭಾರತಿಯನ್ನೂ ತಮ್ಮ ಯೋಗೇಶನನ್ನೂ ಊಟಕ್ಕೆ ಕರೆದ. ತಾನೇ ಬೈತಖೋಲಕ್ಕೆ ಹೋಗಿ ಚಲೋ ಶೆಟ್ಲಿ ಮೀನು ತಂದ. ಊಟ ನಡೆದಿರುವಾಗ ಭಾರತಿಯ ಕಡೆ ತಿರುಗಿ, "ನಿಮ್ಮ ಮಗಳು ಈಗ ವಕೀಲಿ ಓದ್ತಾ ಇದ್ದಾಳೆ," ಎಂದ.

ಭಾರತಿಯ ಮುಖ ಅರಳಿತು. "ಹೌದೇನೆ? ನಂಗೆ ಹೇಳ್ಲೇ ಇಲ್ಲ!"

"ಹೇಳೂದಿಲ್ಲ ಅವಳು. ಎಲ್ಲಾ ಮನಸ್ನಲ್ಲೇ." ಆಮೇಲೆ ಯೋಗೇಶನತ್ತ ನೋಡಿ ಅದೇ ದನಿಯಲ್ಲಿ ಹೇಳಿದ, "ನಿನ್ನ ಪರ್ಮನೆಂಟ್ ವಿಷಯ ಮೊನ್ನೆ ಮಾತಿಗೆ ಬಂತು ಮಾರಾಯ. ನೋಡುವ. ನಮ್ಮ ಕೈಲಿ ಆದಷ್ಟು."

ಯೋಗೇಶನಿಗೆ ಬಂದರಿನ ಲೋಡಿಂಗ್ ಗುತ್ತಿಗೆದಾರನ ಹತ್ತಿರ ಕೆಲಸ ಕೊಡಿಸಿದ್ದು ಸಂದೀಪ. ಯೋಗೇಶ ತಲೆ ತಗ್ಗಿಸಿ "ಹೌದು ಭಾವ," ಎಂದ. ಎರಡು ಮಾತುಗಳ ನಡುವಿನ ಗಂಟು ಆ ಪಂಕ್ತಿಯಲ್ಲಿ ಪ್ರೇಕ್ಷಾಳೊಬ್ಬಳಿಗೇ ಕಂಡಿತು.

ಅಂದಿನಿಂದ ಅವಳು ಓದುವುದನ್ನು ಬಿಟ್ಟು ಓದಿದಂತೆ ಮಾಡತೊಡಗಿದಳು. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದಕ್ಕೂ ಒಂದು ಪ್ರಶ್ನೆ ಏಳುತ್ತದೆ. ಅಡಿಗೆ ಪುಸ್ತಕವೊಂದನ್ನು ತೆರೆದು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ಕಾಯಿ ತುರಿಯುತ್ತ ಆಗಾಗ ಒದ್ದೆ ಬೆರಳಿನಿಂದ ಪುಟ ಸರಿಸುತ್ತಿದ್ದಳು. ಪುಟದಲ್ಲಿ ಏನಿದೆಯೆಂದು ನೋಡುತ್ತಲೂ ಇರಲಿಲ್ಲ. ಕಚೇರಿಯಲ್ಲಿ ಕೂತವನಿಗೆ ಹೆಂಡತಿ ಓದುತ್ತಿದ್ದಾಳೆಂದು ಕಂಡರೆ ಸಾಕಿತ್ತು.

ಮಳೆಗಾಲ ಕಳೆದು ಅವರ್ಸಾದಲ್ಲಿ ಭತ್ತದ ಕೊಯ್ಲು ಶುರುವಾದಾಗ ತಾಯಿಗೆ ಸಹಾಯಕ್ಕೆಂದು ಅವಳು ತವರಿಗೆ ಬಂದಳು. ಮರುದಿನ ತಾಯಿಯ ಯಾವುದೋ ಕಾಗದ ಝೆರಾಕ್ಸ್ ಮಾಡಿಸಲು ಅಂಕೋಲೆಗೆ ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರ ನಂದಿನಿಯ ಅಂಗಡಿ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ನಂದಿನಿ ಆಮೇಲೆ ಕಂಪ್ಯೂಟರ್ ಕಲಿತು ತನ್ನೂರು ಅಗಸೂರಿನಿಂದ ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತ, ಟೈಪಿಂಗು, ಪ್ರಿಂಟು, ಲ್ಯಾಪ್‌ಟಾಪ್ ರಿಪೇರಿ ಎಂದು ಅಂಗಡಿ ನಡೆಸುತ್ತಿದ್ದಳು.

"ಈಗ ಎಂತಾ ಓದ್ತಿದ್ದೆ? ಹೇಳು, ನಂಗೂ ಒಂದು ಹೆಸ್ರು ಕೊಡು," ಎಂದಳು ನಂದಿನಿ, ಮೊದಲಿನ ರೂಢಿಯಂತೆ.

"ಅಡಿಗೆ ಪುಸ್ತಕ," ಎಂದು ಪ್ರೇಕ್ಷಾ ನಗಲು ಹೋದಳು. ನಗು ಬರಲಿಲ್ಲ. ಯಂತ್ರ ಕಾಗದ ಉಗುಳುತ್ತಿದ್ದ ಸದ್ದಿನ ಮರೆಯಲ್ಲಿ ಎಲ್ಲವನ್ನೂ ಹೇಳಿದಳು.

ನಂದಿನಿ ಅಂಗಡಿಯ ಶಟರನ್ನು ಅರ್ಧ ಎಳೆದು ಬಂದು ಕೂತಳು. "ಆ ಕಂಪನಿಗೆ ಖಾತೆ ಗೊತ್ತು ಮಾರಾಯ್ತಿ, ಹೆಂಡ್ತಿ ಗೊತ್ತಿಲ್ಲ. ಖಾತೆ ಯಾರ್ದೋ ಪುಸ್ತಕ ಅವರ್ದೇ. ನೀ ಅದ್ರಲ್ಲಿ ಬಾಡಿಗೆಗೂ ಇಲ್ಲ."

"ನನ್ನ ಹೆಸ್ರಲ್ಲೇ ಒಂದು ಖಾತೆ ಮಾಡಿದ್ರೆ?"

"ಫೋನ್ ನಂಬರ್ ಕೇಳ್ತದೆ. ನಿನ್ನ ಸಿಮ್ ಯಾರ ಹೆಸ್ರಲ್ಲಿ ಅದೆ?"

"ಅವರ ಹೆಸ್ರಲ್ಲಿ."

"ಫೋನ್ ಯಾರು ನೋಡ್ತಾರೆ?"

ಪ್ರೇಕ್ಷಾ ಫೋನನ್ನು ಚೀಲದೊಳಗೆ ತಳ್ಳಿದಳು.

"ಹಂಗಾರೆ ಖಾತೆನೇ ಬೇಡ. ಖಾತೆ ಕೇಳದೇ ಇರುವಂಥ ರೀಡರ್ ನೋಡುವ." ನಂದಿನಿ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು.

ಆ ಮಧ್ಯಾಹ್ನ ಇಬ್ಬರೂ ಸೀರೆ ಆರಿಸುವವರಂತೆ ಒಂದೊಂದನ್ನೇ ತೆಗೆದು ನೋಡಿದರು. ಒಂದರ ಪರದೆ ಎಷ್ಟು ಚೆಂದವಿತ್ತೆಂದರೆ ಪ್ರೇಕ್ಷಾ ಅಲ್ಲೇ ಒಪ್ಪಿಬಿಡುತ್ತಿದ್ದಳು. ಆದರೆ ಲಾಗಿನ್ ಆಗದೆ ಅದರ ಮೊದಲ ಪುಟವೂ ತೆರೆಯುವುದಿಲ್ಲ. ಇನ್ನೊಂದು ಫೋನಿನಂತೆ ಎಲ್ಲ ಆ್ಯಪ್‌ಗಳನ್ನೂ ಹಾಕಿಕೊಳ್ಳುವಂಥದ್ದು. ಅದನ್ನು ನಂದಿನಿಯೇ ಬೇಡವೆಂದಳು. ಅದರೊಳಗೆ ಏನು ನಡೆಯುತ್ತದೆಂದು ತಯಾರಿಸಿದವರು ಯಾರಿಗೂ ತೋರಿಸಿಲ್ಲ, ಕೇಳಿದವರಿಗೆ ಉತ್ತರವನ್ನೂ ಕೊಟ್ಟಿಲ್ಲ ಎಂದಳು. ವಿದೇಶದಲ್ಲಿ ನಾಲ್ಕೈದು ಜನ ಸೇರಿ ಮಾಡುತ್ತಿದ್ದ ಒಂದಿತ್ತು. ಒಳಗಿನ ಸರ್ಕ್ಯೂಟಿನ ನಕ್ಷೆಯಿಂದ ಹಿಡಿದು ಎಲ್ಲವೂ ಬಯಲು. ನಂದಿನಿಯ ಕಣ್ಣು ಅದರ ಮೇಲೆಯೇ ಇತ್ತು. ಆದರೆ ಅದು ಯಾವಾಗ ಕೈಗೆ ಬರುತ್ತದೆಂದು ಮಾಡುವವರಿಗೇ ಗೊತ್ತಿರಲಿಲ್ಲ, ಕನ್ನಡವಂತೂ ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಕೊನೆಗೆ ಹುಬ್ಬಳ್ಳಿಯ ಯಾರೋ ಮಾರಲಿಟ್ಟಿದ್ದ ಹಳೆಯ ಮಾದರಿಯೊಂದು ಸಿಕ್ಕಿತು. ಅದರ ಓದುವ ಸಾಫ್ಟ್‌ವೇರನ್ನು ತೆಗೆದು ಬೇರೆಯದನ್ನು ಹಾಕಬಹುದಿತ್ತು. ಅದರ ಕೋಡ್ ಯಾರು ಬೇಕಾದರೂ ನೋಡಬಹುದಾದದ್ದು, ತಿದ್ದಬಹುದಾದದ್ದು.

"ನೋಡಿದ್ರೆ ನಂಗೆ ತಿಳೀತದೇನೆ ಅದು?"

"ನಿಂಗೆ ತಿಳಿಯೂದಿಲ್ಲ. ನಂಗೂ ಪೂರ್ತಿ ತಿಳಿಯೂದಿಲ್ಲ. ಆದ್ರೆ ತಿಳಿಯುವವ್ರು ಎಷ್ಟೋ ಜನ ಕೂತು ನೋಡಿದಾರೆ. ಹಿಂದಿಂದ ಚಾಡಿ ಹೇಳುವಂಥದ್ದು ಅದ್ರಲ್ಲಿ ಇದ್ದಿದ್ರೆ ಯಾರಾದ್ರೂ ಒಬ್ಬರು ಕೂಗ್ತಿದ್ರು. ಮುಚ್ಚಿಟ್ಟದ್ರಲ್ಲಿ ಕೂಗುವವ್ರೇ ಇರೂದಿಲ್ಲ." ನಂದಿನಿ ಅವಳತ್ತ ತಿರುಗಿ ಕೇಳಿದಳು, "ನಿಂಗೆ ಯಾವ್ದು ಬೇಕು? ನಾ ಹೇಳಿದೆ ಅಂತ ಅಲ್ಲ. ನೀ ಹೇಳು."

ಏನು ಬೇಕೆಂದು ತನ್ನನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತೆಂಬುದು ಪ್ರೇಕ್ಷಾಳಿಗೆ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. "ಆ ಹಳೇದೇ ಇರ್ಲಿ," ಎಂದಳು ಕೊನೆಗೆ.

ಅದು ನಂದಿನಿಯ ಅಂಗಡಿಯ ವಿಳಾಸಕ್ಕೆ ಬಂತು. ತಾಯಿಗೆ ಜ್ವರವೆಂಬ ನೆಪ ಹೇಳಿ ಪ್ರೇಕ್ಷಾ ಮತ್ತೆ ಅಂಕೋಲೆಗೆ ಬಂದಳು. ಹೊಸ ಸಾಫ್ಟ್‌ವೇರ್ ಹಾಕಿ ಮೊದಲ ಕನ್ನಡ ಪುಸ್ತಕ ತೆರೆದಾಗ ಒತ್ತಕ್ಷರಗಳೆಲ್ಲ ಬಿಟ್ಟುಕೊಂಡು, ಕೃಷ್ಣಪ್ಪ ಎಂಬ ಹೆಸರು ಸಾಲಿನಲ್ಲಿ ನಾಲ್ಕು ಕಡೆ ಚೂರಾಗಿ ಬಿದ್ದಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಂದಿನಿ ಹಣೆ ಗಂಟಿಕ್ಕಿಕೊಂಡು ಕೂತು, ಏನೇನೋ ತಿದ್ದಿ, ಬೇರೆ ಫಾಂಟ್ ಹಾಕಿ, ಸಂಜೆಯ ಹೊತ್ತಿಗೆ ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿದಳು. ಫೈಲಿಗೆ ಬೀಗ ಹಾಕದೆ, ಯಾವ ಯಂತ್ರದಲ್ಲಾದರೂ ಓದುವಂತೆ ಮಾರುವ ಪ್ರಕಾಶಕರಿಂದ ಕೊಂಡ ಕೆಲವು ಕಾದಂಬರಿಗಳನ್ನು ತುಂಬಿದಳು. ಮಹಿಳಾ ಸಂಘವೊಂದು ಬಿಟ್ಟಿ ಹಂಚುವ ಹಕ್ಕುಗಳ ಪುಸ್ತಕವನ್ನೂ ಸೇರಿಸಿದಳು. ವೈ-ಫೈ ಬಂದ್ ಮಾಡಿದಳು.

"ಪಾಸ್‌ವರ್ಡ್ ಹಾಕ್ಲೇನೆ?"

"ಬೇಡ. ಪಾಸ್‌ವರ್ಡ್ ಕಂಡ್ರೆ ಅದ್ಕೆ ಬೇರೆ ಉತ್ರ ಕೊಡ್ಬೇಕು."

ಕಾರವಾರದ ಮನೆಯಲ್ಲಿ ಪ್ರೇಕ್ಷಾ ಅದನ್ನು ಹೊಲಿಗೆ ಯಂತ್ರದ ಮರದ ಮುಚ್ಚಳದೊಳಗೆ ಇಟ್ಟಳು. ಅತ್ತೆ ಮಧ್ಯಾಹ್ನ ಮಲಗಿದ ಮೇಲೆ ತೆಗೆಯುತ್ತಿದ್ದಳು. ಒಲೆಯ ಪಕ್ಕದಲ್ಲಿ ಸಂದೀಪನ ರೀಡರು ಅಡಿಗೆಯ ಪುಟ ತೋರಿಸುತ್ತ ಇರುತ್ತಿತ್ತು. ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಅವಳು ಕೂತು ಓದುತ್ತಿದ್ದಳು. ದೋಣಿ ದಾಟಿಸುವವನ ಮಗಳೊಬ್ಬಳ ಕಥೆ. ಆ ಹುಡುಗಿ ದಿನವೂ ಅಪ್ಪನ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ಬಿಟ್ಟು ಬರುತ್ತಾಳೆ, ತಾನು ಮಾತ್ರ ಆಚೆ ದಡದಲ್ಲಿ ಇಳಿಯುವುದಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳಿಗೊಂದು ಸಾಲು ತುಂಬ ಹಿಡಿಸಿತು. ಗೆರೆ ಎಳೆಯಲು ಬೆರಳು ಪರದೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಈ ಗೆರೆಯನ್ನು ನೋಡುವವರು ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಬೆರಳು ಕೆಳಗಿಳಿಯಲಿಲ್ಲ. ಈ ಸಾಲನ್ನು ಸಂದೀಪ ಊಟಕ್ಕೆ ಕೂತಾಗ ಹೇಗೆ ಹೇಳಬಹುದೆಂದು ಅವಳ ಕಿವಿ ಮೊದಲೇ ಕೇಳಿಬಿಟ್ಟಿತ್ತು. ಪುಟ ತಿರುವಿದಳು. ಆಮೇಲೆ ಎಷ್ಟೋ ಸಾಲುಗಳು ಹಿಡಿಸಿದವು. ಒಂದಕ್ಕೂ ಅವಳು ಗೆರೆ ಹಾಕಲಿಲ್ಲ.

ಒಂದು ಮಧ್ಯಾಹ್ನ ತಲೆಯೆತ್ತಿದಾಗ ಗಂಗೂಬಾಯಿ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಅವಳ ಕೈಯಲ್ಲಿದ್ದುದನ್ನು ನೋಡಿದರು, ಒಲೆಯ ಪಕ್ಕದ್ದನ್ನು ತಿರುಗಿ ನೋಡಿದರು. ಎರಡಿವೆಯೆಂದು ಅವರಿಗೆ ತಿಳಿಯಿತು. ಬೈಯಲಿಲ್ಲ. ಹೊಸ್ತಿಲ ಇನ್ನೊಂದು ತುದಿಗೆ ಕೂತರು.

"ಎಂತಾ ಕತೆನೆ ಅದು? ನಂಗೂ ಹೇಳು."

ಗಂಗೂಬಾಯಿ ಓದು ಕಲಿತವರಲ್ಲ. ಪ್ರೇಕ್ಷಾ ಮೊದಲ ಪುಟಕ್ಕೆ ಹಿಂತಿರುಗಿ ಸಣ್ಣ ದನಿಯಲ್ಲಿ ಓದತೊಡಗಿದಳು. ಮರುದಿನವೂ ಅತ್ತೆ ಬಂದು ಕೂತರು, ಅದರ ಮರುದಿನವೂ. ದೋಣಿಯ ಹುಡುಗಿಗೆ ಜ್ವರ ಬಂದ ಕಡೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ದಿನ ಓದು ನಿಲ್ಲಿಸಿದ ಹೊತ್ತಿಗೆ, ಯಾರೂ ಕೇಳದಿದ್ದರೂ ಹೇಳಿದರು:

"ನಾ ಬಾವಿ ಹತ್ರ ಯಾರ ಕೂಡೆ ಮಾತಾಡ್ದೆ, ಎಂತಾ ಮಾತಾಡ್ದೆ ಅಂತ ನಿನ್ನ ಮಾವ ದಿನಾ ಕೇಳ್ತಿದ್ರು. ಎಲ್ಲಾ ಹೇಳ್ಬೇಕು. ಹೇಳಿ ಹೇಳಿ ಸಾಕಾಯ್ತು ನಂಗೆ. ಕಡೆಗೆ ಮಾತಾಡೂದೇ ಬಿಟ್ಟೆ. ಮಾತೇ ಆಡ್ದಿದ್ರೆ ಹೇಳೂದೂ ಇಲ್ಲಲ್ಲ."

ಪ್ರೇಕ್ಷಾ ಅತ್ತೆಯ ಕೈ ಹಿಡಿದುಕೊಂಡಳು. ಆ ಮನೆಗೆ ಬಂದ ಮೇಲೆ ಅಷ್ಟು ಹಗುರವಾದ ಮಧ್ಯಾಹ್ನಗಳನ್ನು ಅವಳು ಕಂಡಿರಲಿಲ್ಲ. ತಾನು ಮೊದಲೇ ಇವರನ್ನು ಮಾತಾಡಿಸಬೇಕಿತ್ತು ಎಂದುಕೊಂಡಳು. ಕಥೆಯನ್ನು ಅವಳು ಮುಂಜಾನೆಯ ಬಿಡುವಿನಲ್ಲಿ ಒಬ್ಬಳೇ ಮುಗಿಸಿಬಿಟ್ಟಿದ್ದಳು. ಆದರೂ ಅತ್ತೆಗಾಗಿ ಮೆಲ್ಲಗೆ, ದಿನಕ್ಕಿಷ್ಟೆಂದು ಓದುತ್ತಿದ್ದಳು.

ಸಂದೀಪನಿಗೆ ಸಂಶಯ ಬಂದದ್ದು ಅಡಿಗೆ ಪುಸ್ತಕದಿಂದ. "ಆ ಪುಸ್ತಕ ಶುರುವಿಂದ ಕಡೇತನಕ ಮತ್ತೆ ಮತ್ತೆ ಮುಗಿಸಿದೀಯ. ಮನೇಲಿ ನೋಡಿದ್ರೆ ಅದೇ ಸಾರು, ಅದೇ ಪಲ್ಯ," ಎಂದ ಒಂದು ಸಂಜೆ. ಅವಳು ಏನೋ ಉತ್ತರ ಕೊಟ್ಟಳು. ಅವನು ಮುಂದೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮೀನು ಮಾರುವ ಸೋಮಿಯನ್ನು ಕರೆಯಲು ರಸ್ತೆಯ ತುದಿಗೆ ಹೋಗಿ ಬರುವಷ್ಟರಲ್ಲಿ ಅವನು ತಾಯಿಯನ್ನು ಕೇಳಿದ್ದ.

ಅವಳು ಒಳಗೆ ಬಂದಾಗ ಹೊಲಿಗೆ ಯಂತ್ರದ ಮುಚ್ಚಳ ಪಕ್ಕಕ್ಕಿತ್ತು. ರೀಡರು ಸಂದೀಪನ ಕೈಯಲ್ಲಿತ್ತು. ಗಂಗೂಬಾಯಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಸೊಸೆಯನ್ನು ನೋಡದೆ, "ಕೇಳ್ದ. ಹೇಳ್ದೆ. ನಂಗೆ ಸುಳ್ಳು ಹೇಳೂಕೆ ಬಾಯಿ ಬರೂದಿಲ್ಲ ಮಗಾ," ಎಂದರು.

ಸಂದೀಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯಾರ ಖಾತೆಲಿ ಅದೆ ಇದು?"

"ಯಾರ ಖಾತೆಲೂ ಇಲ್ಲ."

"ಯಾರ ಖಾತೆಲೂ ಇಲ್ಲ ಅಂದ್ರೆ?"

ಅವಳಿಗೆ ವಿವರಿಸಲಾಗಲಿಲ್ಲ. ಅವನಿಗೆ ವಿವರಣೆ ಬೇಕಾಗಿಯೂ ಇರಲಿಲ್ಲ. ಯಾರು ಕೊಡಿಸಿದ್ದೆಂದು ಮಾತ್ರ ಕೇಳಿದ, ಅವಳು ನಂದಿನಿಯ ಹೆಸರು ಹೇಳಿದಳು. ಬೆರಳು ಒತ್ತಿದ ಕೂಡಲೇ ಅದು ತೆರೆದುಕೊಂಡಿತು, ಅವಳಿಗೆ ತೆರೆದುಕೊಳ್ಳುವ ಹಾಗೆಯೇ. ಪುಸ್ತಕಗಳ ಹೆಸರುಗಳನ್ನು ಒಂದೊಂದಾಗಿ ಓದಿದ. ಹಕ್ಕುಗಳ ಪುಸ್ತಕದ ಹತ್ತಿರ ನಿಂತ. ಅದನ್ನು ತೆರೆದು ಒಂದು ಅಧ್ಯಾಯ ಹುಡುಕಿ ಅವಳ ಕೈಗೆ ಕೊಟ್ಟ.

"ಓದು. ಆಯಿಗೆ ಓದಿ ಹೇಳ್ತೀಯಂತಲ್ಲ. ನಂಗೂ ಕೇಳ್ಸು."

"ಆಫೀಸಿಗೆ ಹೊತ್ತಾಗ್ತದೆ ನಿಮ್ಗೆ."

"ಆಗ್ಲಿ. ಓದು."

ಅವಳು ನಿಂತುಕೊಂಡೇ ಓದಿದಳು. ಕೌಟುಂಬಿಕ ಹಿಂಸೆ ಎಂದರೆ ಏನೇನು ಎಂಬುದು ಆ ಅಧ್ಯಾಯ. ಒಂದು ಪರಿಚ್ಛೇದ ಮುಗಿದೊಡನೆ ಅವನು ಕೈ ಎತ್ತಿ ನಿಲ್ಲಿಸಿದ.

"ಆಯಿ, ನಾ ಇವಳಿಗೆ ಯಾವತ್ತಾದ್ರೂ ಹೊಡ್ದಿದೀನೇ?"

"ಇಲ್ಲ ಮಗಾ."

"ಮುಂದೆ ಓದು."

ಅವಳು ಓದಿದಳು.

"ಊಟಕ್ಕೆ, ಬಟ್ಟೆಗೆ ಕಮ್ಮಿ ಮಾಡಿದೀನೇ?"

"ಇಲ್ಲ."

"ತವರಿಗೆ ಹೋಗ್ಬೇಡ ಅಂದಿದೀನೇ? ಮೊನ್ನೆ ಮೊನ್ನೆ ಎರಡು ಸಲ ಹೋಗಿ ಬಂದ್ಳು."

"ಇಲ್ಲ ಮಗಾ," ಎಂದರು ಗಂಗೂಬಾಯಿ. ಅವರ ಕಣ್ಣು ನೆಲದ ಮೇಲೆಯೇ ಇತ್ತು.

ಅಧ್ಯಾಯದ ಕೊನೆಯತನಕ ಹಾಗೇ ನಡೆಯಿತು. ಪುಸ್ತಕದಲ್ಲಿ ಬರೆದದ್ದರಲ್ಲಿ ಯಾವುದೂ ಈ ಮನೆಯಲ್ಲಿ ನಡೆದಿಲ್ಲವೆಂದು ಅವಳ ಬಾಯಿಂದಲೇ ಓದಿಸಿ, ತಾಯಿಯ ಬಾಯಿಂದ ಹೇಳಿಸಿ ಅವನು ಎದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಇಷ್ಟು ಮಾಡಿಯೂ ನನ್ನ ಮೇಲೆ ಹಿಂಗೆ ಒಂದು ಪುಸ್ತಕ ಬಚ್ಚಿಟ್ಕೊಂಡು ಓದ್ತೀಯಲ್ಲೇ," ಎಂದ. ಅವನಿಗೆ ನೋವಾಗಿತ್ತೆಂಬುದರಲ್ಲಿ ಅವಳಿಗೂ ಸಂಶಯವಿರಲಿಲ್ಲ. ಅದೇ ಅವಳನ್ನು ಹೆಚ್ಚು ಕುಗ್ಗಿಸಿತು. ರೀಡರನ್ನು ಅವನು ಕಿತ್ತುಕೊಳ್ಳಲಿಲ್ಲ. ಟಿ.ವಿ.ಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿಟ್ಟು, "ಇಲ್ಲೇ ಇರ್ಲಿ. ಬೇಕಾದಾಗ ಓದು. ನಾ ಬೇಡ ಅನ್ನೂದಿಲ್ಲ," ಎಂದು ಕೆಲಸಕ್ಕೆ ಹೋದ.

ಅವಳು ಅದನ್ನು ಮುಟ್ಟಲಿಲ್ಲ.

ಭಾನುವಾರ ಯೋಗೇಶ ಒಬ್ಬನೇ ಬಂದ. ಸಂದೀಪ ಆಗ ಮನೆಯಲ್ಲಿರಲಿಲ್ಲ. ತಮ್ಮ ಚಹಾ ಮುಟ್ಟದೆ, ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತ.

"ಅಕ್ಕಾ, ಭಾವ ನಂಗೆ ಎಂತಾ ಹೇಳ್ಲಿಲ್ಲ. ಪರ್ಮನೆಂಟ್ ವಿಷಯನೂ ಎತ್ತಲಿಲ್ಲ. ಬಂದರಲ್ಲಿ ಎದುರು ಸಿಕ್ಕಿದ್ರೂ ಬರೀ ತಲೆ ಆಡ್ಸಿ ಹೋಗ್ತ್ರು. ಆದ್ರೆ ಆ ನಂದಿನಿ ಹತ್ರ ಹೋಗೂದು ನಿಲ್ಸೂಕೆ ನಿಂಗೆ ಆಗೂದಿಲ್ವಾ? ಆ ಮಶೀನು ಅವಳಿಗೆ ವಾಪಸ್ ಕೊಟ್ಬಿಡು."

"ಅದ್ರಲ್ಲಿ ಎಂತಾ ಅದೆ ಅಂತ ಗೊತ್ತಾ ನಿಂಗೆ?"

"ನಂಗೆ ಗೊತ್ತಾಗೂದೂ ಬೇಡ. ಒಂದು ಪುಸ್ತಕದ ವಿಷಯಕ್ಕೆ..." ಅವನು ಮಾತು ನುಂಗಿದ. "ಭಾವ ನಮ್ಮ ಆಯಿಗೆ ಫೋನ್ ಮಾಡಿ ಹೇಳಿದ್ರಂತೆ, ಅವಳು ಕಣ್ಣೀರು ಹಾಕ್ತಳೆ. ನನ್ನ ಮದ್ವೆ ಮಾತು ನಡೀತಾ ಅದೆ. ನೀನೇ ನೋಡು."

ಪ್ರೇಕ್ಷಾ ತಮ್ಮನ ಮುಖ ನೋಡಿದಳು. ಅವನು ಕೆಟ್ಟವನಲ್ಲ. ಚಿಕ್ಕವನಿದ್ದಾಗ ಅವಳು ಓದಿ ಹೇಳಿದ ಕಥೆ ಕೇಳದೆ ಮಲಗುತ್ತಿರಲಿಲ್ಲ. "ಆಯ್ತು, ಕೊಡ್ತೆ," ಎಂದಳು.

ಅವನು ಹೋದ ಮೇಲೆ ಅಡಿಗೆಮನೆಯಲ್ಲಿ ಗಂಗೂಬಾಯಿ ಕೊತ್ತಂಬರಿ ಸೋಸುತ್ತ ಅಂಜುತ್ತ ಕೇಳಿದರು, "ಆ ಹುಡುಗಿ ಕಡೆಗೆ ಆಚೆ ದಡಕ್ಕೆ ಹೋದ್ಳೇನೆ?"

"ಗೊತ್ತಿಲ್ಲ ಅತ್ತೆ. ಅಲ್ಲಿತನಕ ನಾನೂ ಓದ್ಲಿಲ್ಲ."

ಗಂಗೂಬಾಯಿ ಮತ್ತೆ ಕೊತ್ತಂಬರಿಯತ್ತ ಬಾಗಿದರು.

ಅಂಕೋಲೆಗೆ ಹೋಗುವುದನ್ನು ಈ ಸಲ ಸಂದೀಪನಿಗೆ ಹೇಳಿಯೇ ಹೊರಟಳು. "ಹೋಗ್ಬಾ," ಎಂದ ಅವನು. ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟೂ ಬಂದ.

ನಂದಿನಿ ಎಲ್ಲವನ್ನೂ ಕೇಳಿದಳು. "ನಾ ಎಲ್ಲಾ ಬಂದ್ ಮಾಡಿದ್ದೆ," ಎಂದಳು. "ಖಾತೆ ಇಲ್ಲ, ವೈ-ಫೈ ಇಲ್ಲ, ಯಾವ ಕಂಪನಿಗೂ ಒಂದು ಸಾಲು ಹೋಗೂಕೆ ಸಾಧ್ಯ ಇಲ್ಲ. ಮನೆ ಒಳಗೇ ಒಬ್ರು ಕೇಳ್ತಾರೆ, ಒಬ್ರು ಹೇಳ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ಮಾರಾಯ್ತಿ."

"ನಿಂದೆಂತಾ ತಪ್ಪು?"

"ಇಲ್ಲೇ ನಿಲ್ಲು. ಅಗಸೂರಲ್ಲಿ ನಮ್ಮನೇಲಿ ಜಾಗ ಅದೆ. ಅಂಗಡಿಲಿ ಕೆಲಸ ಅದೆ. ನಾ ಸುಮ್ನೆ ಹೇಳೂದಲ್ಲ."

ಪ್ರೇಕ್ಷಾ ತಲೆಯಾಡಿಸಿದಳು. "ನಾ ಇಲ್ಲಿ ನಿಂತ್ರೆ ನಾಳೆ ಬೆಳಿಗ್ಗೆ ಯೋಗೇಶ ಬಂದರಿಗೆ ಹೋಗೂಕೆ ಇಲ್ಲ. ಆಯಿ ಮತ್ತೆ ನನ್ನ ಮುಖ ನೋಡೂದಿಲ್ಲ. ಎಂತಕೆ ಬಂದೆ ಅಂತ ಊರವ್ರು ಕೇಳಿದ್ರೆ ಎಂತಾ ಹೇಳ್ಲೇ? ಅವ್ರು ಹೊಡ್ದಿಲ್ಲ."

"ರೀಡರ್ ಆದ್ರೂ ಇಲ್ಲಿರ್ಲಿ. ಬಂದಾಗ ಓದು."

"ಬೇಡ. ಅದ್ರಲ್ಲಿರೂದು ಅಳಿಸ್ಬೇಕು. ಅಳಿಸಿದ್ರೆ ಪೂರ್ತಿ ಹೋಗ್ತದಾ? ಮತ್ತೆಲ್ಲೂ ಹೆಸ್ರು ಉಳಿಯೂದಿಲ್ವಾ?"

"ಇದ್ರಲ್ಲಿ ಉಳಿಯೂದಿಲ್ಲ," ಎಂದಳು ನಂದಿನಿ.

ಪ್ರೇಕ್ಷಾ ತಾನೇ ಒಂದೊಂದು ಪುಸ್ತಕವನ್ನೂ ಒತ್ತಿ ಅಳಿಸಿದಳು. ಪ್ರತಿ ಸಲವೂ ಅದು, ಖಂಡಿತವೇ ಎಂದು ಕೇಳುತ್ತಿತ್ತು. ಪ್ರತಿ ಸಲವೂ ಅವಳು ಹೌದೆಂದಳು. ಹಕ್ಕುಗಳ ಪುಸ್ತಕ ಹೋಯಿತು, ದೋಣಿಯ ಹುಡುಗಿ ಹೋದಳು. ಪರದೆ ಖಾಲಿಯಾಯಿತು. ಅದನ್ನು ಮೇಜಿನ ಮೇಲಿಟ್ಟು, ಯಾರಾದರೂ ಓದುವವರಿಗೆ ಕೊಡು ಎಂದು ಹೇಳಿ ಅವಳು ಕಾರವಾರದ ಬಸ್ಸು ಹತ್ತಿದಳು. ಬಸ್ಸು ಅವರ್ಸಾದಲ್ಲಿ ನಿಂತಾಗ ಅವಳು ಇಳಿಯಲಿಲ್ಲ.

ಯೋಗೇಶನಿಗೆ ಕೆಲಸ ಪರ್ಮನೆಂಟ್ ಆಯಿತು. ಮದುವೆ ನಿಶ್ಚಯವಾಯಿತು. ಸಂದೀಪ ತನ್ನ ಖಾತೆಯಲ್ಲಿ ಹೆಂಡತಿಗಾಗಿ ಹೊಸ ಹೊಸ ಕಾದಂಬರಿಗಳನ್ನು ಕೊಂಡು ಹಾಕಿದ. ಯಾವುದೂ ಮೊದಲ ಪುಟದಿಂದ ಮುಂದೆ ಹೋಗದ್ದು ಅವನಿಗೆ ಕಾಣುತ್ತಿತ್ತು. ಈಗ ಅವಳು ಪುಟ ತಿರುವಿದಂತೆ ನಟಿಸುತ್ತಲೂ ಇರಲಿಲ್ಲ. ಅವನಿಗೆ ನಿಜವಾಗಿಯೇ ಚಿಂತೆಯಾಯಿತು.

"ಎಂತಕೆ ಓದೂದಿಲ್ಲ? ನಾ ಬೇಡ ಅಂದಿದೀನೇ?"

"ಕಣ್ಣು ನೋಯ್ತದೆ," ಎಂದಳು ಅವಳು. ಬೇರೆ ಉತ್ತರ ಅವಳಿಗೆ ಹೊಳೆಯಲಿಲ್ಲ.

ಅವನು ಅರ್ಧ ದಿನ ರಜೆ ಹಾಕಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿ, ಎದುರಿನ ಗೋಡೆಯ ಫಲಕವನ್ನು ಓದಲು ಹೇಳಿದರು. ಕನ್ನಡದ ಬಿಡಿ ಅಕ್ಷರಗಳು, ಮೇಲೆ ದೊಡ್ಡವು, ಕೆಳಗಿಳಿದಂತೆ ಸಣ್ಣವು. ಅವಳು ಓದಿದಳು. ಗ, ಪ, ಲ. ರ, ಟ, ನ, ಚ. ಇನ್ನೂ ಕೆಳಗೆ ಎಂದರು ಡಾಕ್ಟರು. ಅವಳು ಎಲ್ಲೂ ತಡವರಿಸದೆ ಕೊನೆಯ ಸಾಲಿನವರೆಗೆ ಓದಿದಳು. ಇನ್ನೊಂದು ಕಣ್ಣು ಮುಚ್ಚಿಸಿದಾಗಲೂ ಅದೇ.

"ಇವರ ಕಣ್ಣಿಗೆ ಏನೂ ಆಗಿಲ್ಲ. ಕನ್ನಡಕ ಕೂಡ ಬೇಡ," ಎಂದರು ಡಾಕ್ಟರು.

ಹಿಂದೆ ನಿಂತಿದ್ದ ಸಂದೀಪ ನಿಟ್ಟುಸಿರು ಬಿಟ್ಟು ಅವಳ ಹೆಗಲ ಮೇಲೆ ಕೈಯಿಟ್ಟ. "ನಾ ಹೆದ್ರಿಬಿಟ್ಟಿದ್ದೆ ಡಾಕ್ಟ್ರೇ," ಎಂದ. "ಇವಳಿಗೆ ಓದು ಅಂದ್ರೆ ಪ್ರಾಣ."

ಪ್ರೇಕ್ಷಾ ಕುರ್ಚಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡಳು.